ರೈತ ಕಂಪನಿಗೆ ‘ದತ್ತಾಂಶ ನೀತಿ’ ಬರೆಯಬೇಕಂತೆ, ಎಲ್ಲಿಂದ ಹಿಡಿಯಲಿ?

ಭೀಮಾತೀರದವ · ಸೋಮವಾರ, ಬೆಳಿಗ್ಗೆ 10.12

ಎಲ್ಲರಿಗೂ ನಮಸ್ಕಾರ. ಇಂಡಿ ಭಾಗದ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ನಾನು ವ್ಯವಸ್ಥಾಪಕ. ನಿಂಬೆ, ಒಣದ್ರಾಕ್ಷಿ, ಜೊತೆಗೊಂದು ಬೀಜ-ಗೊಬ್ಬರದ ಅಂಗಡಿ. ಹೋದ ತಿಂಗಳು ವಾರ್ಷಿಕ ಸಭೆಯಲ್ಲಿ ಮಾನ ಹರಾಜಾಯಿತು. ಅಧ್ಯಕ್ಷರ ಭಾಷಣದಲ್ಲಿ ಸದಸ್ಯರು 941, ಲೆಕ್ಕಪರಿಶೋಧಕರ ವರದಿಯಲ್ಲಿ 917, ನಾನೇ ಸಹಿ ಮಾಡಿ ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ 968. ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದು, “ಐವತ್ತೊಂದು ಜನ ಹೆಚ್ಚಾದರಲ್ಲ, ಅವರ ಪಾಲಿನ ಊಟ ಯಾರು ಉಂಡರು?” ಎಂದು ಕೇಳಿದರು. ಇಡೀ ಮಂಟಪ ನಕ್ಕಿತು. ನಾನು ಮೊಬೈಲ್ ನೋಡುತ್ತಿರುವಂತೆ ನಟಿಸಿದೆ.

ಈಗ ನಿರ್ದೇಶಕ ಮಂಡಳಿ ಒಂದು ತಿಂಗಳೊಳಗೆ ‘ದತ್ತಾಂಶ ಮತ್ತು ಮೆಟಾಡೇಟಾ ನೀತಿ’ ಬರೆದು ತರಲು ಹೇಳಿದೆ. ಮೆಟಾಡೇಟಾ ಎಂದರೆ ದತ್ತಾಂಶದ ಬಗೆಗಿನ ವಿವರವಂತೆ. ಪುಣೆಯ ಸಲಹೆಗಾರರೊಬ್ಬರು 84 ಪುಟಗಳ ಪ್ರಸ್ತಾವ ಕಳಿಸಿದ್ದಾರೆ. ಅದರಲ್ಲಿ ಎಲ್ಲ ದತ್ತಾಂಶವನ್ನೂ ಒಂದೆಡೆ ತುಂಬಿಡುವ ‘ಡೇಟಾ ಲೇಕ್’ ಎಂದು ಒಂದು ಕೆರೆಯ ಚಿತ್ರವೂ ಇದೆ. ನಮ್ಮ ಕಡೆ ನಿಜವಾದ ಕೆರೆಗೇ ನೀರಿಲ್ಲ. ನಮ್ಮಲ್ಲಿರುವುದು ಎರಡು ಕಂಪ್ಯೂಟರ್, ಟ್ಯಾಲಿ, ಮೂವತ್ತೇಳು ಎಕ್ಸೆಲ್ ಕಡತ, ಒಂದು ಕಪಾಟು ತುಂಬ ರಿಜಿಸ್ಟರ್, ನಾಲ್ಕು ವಾಟ್ಸ್‌ಆ್ಯಪ್ ಗುಂಪು. ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಎಲ್ಲಿಂದ ಹಿಡಿಯಬೇಕು?

ಕುಂದಾಪ್ರಿಯ · 10.31

ಒಂದು ಒಳ್ಳೆಯ ಸಾಫ್ಟ್‌ವೇರ್ ಕೊಂಡುಬಿಡಿ. ಎಲ್ಲವೂ ತಾನಾಗಿ ಸರಿಹೋಗುತ್ತದೆ.

ಹಳೆಯ ಗುಮಾಸ್ತ · 10.58

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು. ಕುಂದಾಪ್ರಿಯರೇ, ಅದೇ ಮೂರು ಸಂಖ್ಯೆಗಳು ಸಾಫ್ಟ್‌ವೇರಿನೊಳಗೂ ಬಂದು ಕೂರುತ್ತವೆ, ಈ ಸಲ ಬಣ್ಣಬಣ್ಣದ ನಕ್ಷೆಯಾಗಿ.

ನಾನು ವಿಜಯಪುರದ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಕಿರ್ದಿ-ಖತಾವಣಿ ಬರೆದವನು. ನಮ್ಮ ಯಜಮಾನರು ಹೊಸ ಪುಸ್ತಕ ತೆರೆದಾಗ ಪೂಜೆಯಾದ ಮೇಲಿನ ಮೊದಲ ಹಾಳೆಯಲ್ಲಿ ಲೆಕ್ಕ ಬರೆಯಲು ಬಿಡುತ್ತಿರಲಿಲ್ಲ. ಆ ಹಾಳೆಯಲ್ಲಿ ಏನಿರಬೇಕೆಂದರೆ: ಈ ಪುಸ್ತಕದಲ್ಲಿ ಏನು ಬರೆಯುತ್ತೇವೆ, ತೂಕ ಕ್ವಿಂಟಲಿನಲ್ಲೋ ಚೀಲದಲ್ಲೋ, ‘ಹ’ ಎಂದರೆ ಹಮಾಲಿ, ‘ತೂ’ ಎಂದರೆ ತೂಕದವನ ಕೂಲಿ, ಬರೆಯುವವನು ಯಾರು, ಅವನಿಲ್ಲದಾಗ ಯಾರು. ನಿಮ್ಮ ಮೆಟಾಡೇಟಾ ಎಂದರೆ ಆ ಒಂದು ಹಾಳೆ. ಎಂಬತ್ತನಾಲ್ಕು ಪುಟ ಯಾರಿಗೆ ಬೇಕು?

ಸೆಕ್ಟರ್‌ವಾಸಿ · 11.40

ಬಾಗಲಕೋಟೆ ನವನಗರದಿಂದ. ದತ್ತಾಂಶದ ಕೆಲಸವನ್ನೇ ಉದ್ಯೋಗವಾಗಿ ಮಾಡುವವನು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಭೀಮಾತೀರದವರೇ, ನಿಮ್ಮ ಮೂರೂ ಸಂಖ್ಯೆಗಳು ಸರಿಯಾಗಿರಬಹುದು. ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ, ಅಷ್ಟೆ. ಲೆಕ್ಕಪರಿಶೋಧಕರು ಷೇರು ಹಂಚಿಕೆಯಾದವರನ್ನು ಎಣಿಸಿರುತ್ತಾರೆ. ಅಧ್ಯಕ್ಷರು ಹಣ ಕಟ್ಟಿದವರನ್ನೆಲ್ಲ ಸೇರಿಸಿರುತ್ತಾರೆ. ನೀವು ಸದಸ್ಯತ್ವಕ್ಕೆ ಅರ್ಜಿಯಷ್ಟೇ ಕೊಟ್ಟವರನ್ನೂ ಸೇರಿಸಿ ಬ್ಯಾಂಕಿಗೆ ಪಟ್ಟಿ ಕೊಟ್ಟಿದ್ದೀರಿ. ಹೌದೋ ಅಲ್ಲವೋ ನೋಡಿ. ‘ಸದಸ್ಯ’ ಎಂಬ ಪದಕ್ಕೆ ಯಾರೂ ಅರ್ಥ ಬರೆದಿಟ್ಟಿಲ್ಲ, ರೋಗ ಅಲ್ಲಿದೆ.

ಆದ್ದರಿಂದ ಮೂವತ್ತೇಳು ಕಡತಗಳ ಪಟ್ಟಿ ಮಾಡುವುದರಿಂದ ಆರಂಭಿಸಬೇಡಿ. ಅದು ಮುಗಿಯುವ ಕೆಲಸವಲ್ಲ, ಅಷ್ಟರಲ್ಲಿ ಮೂವತ್ತೆಂಟನೆಯದು ಹುಟ್ಟಿರುತ್ತದೆ. ಜಗಳವಾಗುವ ಪದಗಳಿಂದ ಆರಂಭಿಸಿ. ಸಭೆಯಲ್ಲಿ, ಬ್ಯಾಂಕಿನಲ್ಲಿ, ಖರೀದಿದಾರರ ಜೊತೆ ಯಾವ ಅಂಕಿಗಾಗಿ ಗಂಟಲು ಹರಿದುಕೊಳ್ಳುತ್ತೀರೋ ಆ ಹತ್ತು-ಹನ್ನೆರಡು ಪದ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಅರ್ಥ, ಅಳತೆ, ಮೂಲ ಕಡತ ಯಾವುದು, ಅದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂದು ಬರೆಯಿರಿ. ಮೂಲ ಒಂದೇ ಇರಬೇಕು. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಏಳು ಸಲ ಕೇಳಿಸುತ್ತದೆ ಎನ್ನುತ್ತಾರಲ್ಲ, ನಮ್ಮ ಕಚೇರಿಗಳ ಕಡತಗಳೂ ಹಾಗೆ. ಏಳನೆಯ ಪ್ರತಿಧ್ವನಿಯನ್ನೇ ಮೂಲ ದನಿ ಎಂದುಕೊಂಡು ತಿದ್ದುತ್ತಾ ಕೂರುತ್ತೇವೆ.

ಭೀಮಾತೀರದವ · 11.55

ಸೆಕ್ಟರ್‌ವಾಸಿಯವರೇ, ನೀವು ನಮ್ಮ ಕಪಾಟಿನೊಳಗೆ ಕುಳಿತಿದ್ದಿರಾ? ಈಗಷ್ಟೇ ತಾಳೆ ನೋಡಿದೆ. 24 ಜನರು ಹಣ ಕಟ್ಟಿದ್ದಾರೆ, ಷೇರು ಹಂಚಿಕೆಯಾಗಿಲ್ಲ. 27 ಜನರದು ಅರ್ಜಿ ಮಾತ್ರ. ಒಟ್ಟು 51.

ಗುಮ್ಮಟದ ನೆರಳು · 12.03

ಗುಮ್ಮಟದಲ್ಲಿ ಏಳಲ್ಲ, ಹತ್ತು ಸಲ ಎಂದು ನಮ್ಮ ಮಾರ್ಗದರ್ಶಿ ಹೇಳಿದ್ದ.

ಹಳೆಯ ಗುಮಾಸ್ತ · 12.06

ಹತ್ತು ಸಲ ಎಂದು ಹೇಳಿದವನು ಹತ್ತು ರೂಪಾಯಿ ಹೆಚ್ಚು ತೆಗೆದುಕೊಂಡಿರಬೇಕು.

ಪಹಣಿ ಪಂಡಿತ · 12.44

ನಿಮ್ಮ ಎಕ್ಸೆಲ್‌ನಲ್ಲಿ ರೈತರ ಹೊಲದ ‘ಕ್ಷೇತ್ರ’ ಎಂಬ ಕಾಲಂ ಇದೆಯೇ? ಇದ್ದರೆ ಅದರ ಒಟ್ಟು ಮೊತ್ತ ಖಂಡಿತ ತಪ್ಪಿರುತ್ತದೆ. ನೋಡದೆಯೇ ಹೇಳುತ್ತೇನೆ.

ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ನಲವತ್ತು ಗುಂಟೆಗೆ ಒಂದು ಎಕರೆ. ಎಕ್ಸೆಲ್‌ಗೆ ಅದು ಎರಡು ದಶಾಂಶ ಎರಡು. ಇಬ್ಬರು ಅಣ್ಣತಮ್ಮಂದಿರಿಗೆ 1.30, 1.30 ಎಂದಿದ್ದರೆ ಯಂತ್ರ ಕೂಡಿಸಿ 2.60 ಎನ್ನುತ್ತದೆ. ನಿಜವಾದದ್ದು ಮೂರು ಎಕರೆ ಇಪ್ಪತ್ತು ಗುಂಟೆ. ಸುಮಾರು ಒಂದು ಎಕರೆ ಕಂಪ್ಯೂಟರಿನಲ್ಲೇ ಒತ್ತುವರಿಯಾಯಿತು! ಇನ್ನು 1.05 ಎಂದು ಬರೆಯಬೇಕಾದಲ್ಲಿ 1.5 ಎಂದು ಬರೆದವರಿದ್ದರೆ ದೇವರೇ ಗತಿ, ಅದು ಐದು ಗುಂಟೆಯೋ ಐವತ್ತೋ ಅರ್ಧ ಎಕರೆಯೋ ಯಾರಿಗೂ ತಿಳಿಯುವುದಿಲ್ಲ. ಗುಂಟೆಯ ಕೆಳಗೆ ಆಣೆ ಬೇರೆ ಇದೆ, ಹದಿನಾರು ಆಣೆಗೆ ಒಂದು ಗುಂಟೆ.

ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ. ಇಲ್ಲವೇ ಎಲ್ಲವನ್ನೂ ಗುಂಟೆಯಲ್ಲೇ ಇಡಿ. 2.20 ಎಂದರೆ 100 ಗುಂಟೆ, ಜಗಳವೇ ಇಲ್ಲ.

ಭೀಮಾತೀರದವ · 12.59

ತಪ್ಪಿದೆ. ಒಟ್ಟಿನಲ್ಲಿ ನೂರೆಂಬತ್ತು ಎಕರೆ ಕಡಿಮೆ ತೋರಿಸುತ್ತಿದ್ದೇವೆ. ಇದೇ ಅಂಕಿ ಇಟ್ಟುಕೊಂಡು ಹನಿ ನೀರಾವರಿಯ ಅರ್ಜಿ ಹಾಕಿದ್ದೆವು. ಮಧ್ಯಾಹ್ನದ ಊಟ ಸೇರುವುದಿಲ್ಲ.

ದ್ರಾಕ್ಷಿ ಶೆಡ್ · ಮಧ್ಯಾಹ್ನ 2.20

ತಿಕೋಟಾ ಕಡೆಯ ಬೆಳೆಗಾರ ನಾನು. ನನ್ನದೊಂದು ದೂರು ಸೇರಿಸಿಕೊಳ್ಳಿ. ನನ್ನ ಮಾಲು ಇಟ್ಟ ಶೀತಲಗೃಹದವರ ಪಟ್ಟಿಯಲ್ಲಿ ಒಂದೇ ಪದಾರ್ಥ ನಾಲ್ಕು ಹೆಸರಿನಲ್ಲಿತ್ತು: ಒಣದ್ರಾಕ್ಷಿ, ಮನೂಕ, ಬೇದಾಣೆ, ಕಿಸ್‌ಮಿಸ್. ಬರೆಯುವ ಹುಡುಗ ಬದಲಾದಂತೆಲ್ಲ ಮಾಲಿನ ಹೆಸರೂ ಬದಲಾಗಿದೆ. ತಾಸಗಾಂವ ಪೇಟೆಗೆ ಕಳಿಸಲು ಹೋದಾಗ ‘ನಿಮ್ಮ ಹೆಸರಿನಲ್ಲಿ ಒಣದ್ರಾಕ್ಷಿ ನಲವತ್ತು ಬಾಕ್ಸ್ ಮಾತ್ರ’ ಎಂದರು. ಉಳಿದ ಅರವತ್ತು ‘ಬೇದಾಣೆ’ಯ ಸಾಲಿನಲ್ಲಿ ತಣ್ಣಗೆ ಮಲಗಿದ್ದವು.

ಇನ್ನೊಂದು ‘ವರ್ಷ’. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ ಬೆಳೆ ಫೆಬ್ರುವರಿ-ಮಾರ್ಚ್‌ನಲ್ಲಿ ಕೊಯ್ಲಿಗೆ ಬರುತ್ತದೆ, ಒಣಗಿಸಿ ಶೀತಲಗೃಹಕ್ಕೆ ಹಾಕಿ ಜೂನ್‌ನಲ್ಲೋ ದೀಪಾವಳಿಗೋ ಮಾರುತ್ತೇವೆ. ಅಷ್ಟರಲ್ಲಿ ಏಪ್ರಿಲ್ ದಾಟಿ ಹಣಕಾಸು ವರ್ಷ ಬದಲಾಗಿರುತ್ತದೆ. ನಿಮ್ಮ ಕಡತದ ‘2024’ ಎಂದರೆ ಚಾಟ್ನಿಯ ವರ್ಷವೋ, ಕೊಯ್ಲಿನದೋ, ಮಾರಾಟದ್ದೋ? ಬರೆದಿಡದಿದ್ದರೆ ಇಳುವರಿಯ ಲೆಕ್ಕವೆಲ್ಲ ಬುಡಮೇಲು.

ಕುಂದಾಪ್ರಿಯ · 2.41

ಇಷ್ಟೆಲ್ಲ ಬರೆದಿಡುತ್ತಾ ಕುಳಿತರೆ ವ್ಯಾಪಾರ ಮಾಡುವವರು ಯಾರು?

ದ್ರಾಕ್ಷಿ ಶೆಡ್ · 2.44

ಅರವತ್ತು ಬಾಕ್ಸ್, ಬಾಕ್ಸಿಗೆ ಹದಿನೈದು ಕಿಲೋ. ಒಂಬೈನೂರು ಕಿಲೋ ಮಾಲು ಕಾಣೆಯಾಗಿ ಮೂರು ವಾರ ದರ ಇಳಿಯುವುದನ್ನು ನೋಡುತ್ತಾ ಕುಳಿತವನು ನಾನು. ವ್ಯಾಪಾರದ ಮಾತು ನನಗೆ ಹೇಳಬೇಡಿ.

ಶಬ್ದಸಂತೆ · 3.15

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೆಟಾಡೇಟಾ ಎನ್ನುವ ಬದಲು ‘ಅಧಿದತ್ತಾಂಶ’ ಎನ್ನಬಹುದಲ್ಲವೇ?

ಗುಮ್ಮಟದ ನೆರಳು · 3.17

ಅನ್ನಬಹುದು. ಆಮೇಲೆ ಅದರ ಅರ್ಥ ಹೇಳಲು ಮೆಟಾಡೇಟಾ ಎನ್ನಬೇಕಾಗುತ್ತದೆ.

ಹಳೆಯ ಗುಮಾಸ್ತ · 3.22

ನಮ್ಮ ಅಂಗಡಿಯಲ್ಲಿ ಅದನ್ನು ‘ಮೊದಲ ಹಾಳೆ’ ಎನ್ನುತ್ತಿದ್ದೆವು. ಯಾರೂ ಅರ್ಥ ಕೇಳಲಿಲ್ಲ.

ಇಳಕಲ್ ಸೆರಗು · 4.05

ನೇಕಾರರ ಸಂಘವೊಂದರಲ್ಲಿ ಲೆಕ್ಕ ನೋಡುವವಳು ನಾನು. ಮೂರು ವರ್ಷದ ಹಿಂದೆ ನಮ್ಮ ಗುಮಾಸ್ತರು ನಿವೃತ್ತರಾದರು. ಅವರ ದಾಸ್ತಾನು ಕಡತದಲ್ಲಿ ‘ಸಿ3’ ಎಂಬ ಕಾಲಂ ಇತ್ತು, ಪ್ರತಿ ಸೀರೆಗೂ ಒಂದರಿಂದ ಐದರವರೆಗೆ ಅಂಕಿ. ಬಣ್ಣವೇ, ಗುಣಮಟ್ಟವೇ, ಮಗ್ಗದ ಸಂಖ್ಯೆಯೇ ಗೊತ್ತಿಲ್ಲ. ನಾವು ಗುಣಮಟ್ಟ ಎಂದುಕೊಂಡು ಐದು ಇದ್ದುದಕ್ಕೆ ಹೆಚ್ಚಿನ ದರ ಹಾಕಿ ಒಂದು ವರ್ಷ ಮಾರಿದೆವು. ಆಮೇಲೆ ಅವರ ಮನೆಗೆ ಮೊಮ್ಮಗಳ ನಾಮಕರಣಕ್ಕೆ ಹೋದಾಗ ಕೇಳಿದೆ. “ಅದಾ? ಯಾವ ಕಪಾಟಿನ ಖಾನೆಯಲ್ಲಿ ಇಟ್ಟಿದ್ದೇನೆ ಎಂದು ನನ್ನ ನೆನಪಿಗೆ ಬರೆದುಕೊಂಡದ್ದು” ಎಂದರು.

ಐದನೆಯ ಖಾನೆಯ ಸೀರೆಗಳಿಗೆ ಅಷ್ಟು ಬೆಲೆ!

ಭೀಮಾತೀರದ ಅಣ್ಣಾವರೇ, ನಿಮ್ಮ ಕಡತ ತಯಾರಿಸಿದವರು ಇನ್ನೂ ಕೆಲಸದಲ್ಲಿದ್ದರೆ ಮೊದಲು ಅವರನ್ನು ಕೂರಿಸಿಕೊಂಡು ಚಹಾ ಕೊಟ್ಟು ಕೇಳಿ. ನಮಗೆ ನಾಮಕರಣದವರೆಗೆ ಕಾಯಬೇಕಾಯಿತು.

ಪಹಣಿ ಪಂಡಿತ · 4.12

ಅಕ್ಕಾವರೇ, ಇಳಕಲ್ ಸೀರೆ ಕೊಳ್ಳುವವರು ಇನ್ನು ಮುಂದೆ ಐದನೆಯ ಖಾನೆಯದನ್ನೇ ಕೇಳುತ್ತಾರೆ ನೋಡಿ.

ಮಲಪ್ರಭೆ · 5.30

ಊರು, ತಾಲ್ಲೂಕಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮೂರು ಜಿಲ್ಲೆಗಳವರಿಗೆ ಇದು ದೊಡ್ಡ ತಲೆನೋವು. 1997ರವರೆಗೆ ಬಾಗಲಕೋಟೆ ವಿಜಯಪುರ ಜಿಲ್ಲೆಯೊಳಗಿತ್ತು. 2014ರ ನವೆಂಬರ್ 1ರಿಂದ ಬೆಳಗಾಂ, ಬಿಜಾಪುರ ಹೆಸರುಗಳು ಬೆಳಗಾವಿ, ವಿಜಯಪುರ ಆದವು. ಆಮೇಲೆ ಹೊಸ ತಾಲ್ಲೂಕುಗಳು: ಇಂಡಿಯಿಂದ ಚಡಚಣ, ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ, ಗೋಕಾಕದಿಂದ ಮೂಡಲಗಿ. ರೈತ ಕದಲಿಲ್ಲ, ಹೊಲ ಕದಲಿಲ್ಲ, ವಿಳಾಸ ಮಾತ್ರ ಎರಡು ಸಲ ಬದಲಾಯಿತು. ಊರಿನ ಹೆಸರಿನ ಹಿಂದೆ ಬಿ.ಕೆ., ಕೆ.ಡಿ. ಬರುತ್ತದಲ್ಲ, ಬುದ್ರುಕ್ ಎಂದರೆ ದೊಡ್ಡದು, ಖುರ್ದ್ ಎಂದರೆ ಚಿಕ್ಕದು, ಅದನ್ನು ಬಿಟ್ಟು ಬರೆದರೆ ಒಂದೂರಿನವರು ಇನ್ನೊಂದೂರಿಗೆ ಸೇರುತ್ತಾರೆ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’ಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಊರಿನ ಹೆಸರು ಓದಲು ಇರಲಿ, ಜೋಡಣೆ ಆ ಸಂಖ್ಯೆಯಿಂದ ಮಾಡಿ.

ಭೀಮಾತೀರದವ · 5.48

ರೈತರ ಹೆಸರಿನದೂ ಅದೇ ಪಾಡು. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಇದ್ದಾರೆ, ಮೂವರದೂ ಅಡ್ಡಹೆಸರು ಬಿರಾದಾರ. ನಿಂಬೆಯ ಹಣ ಒಬ್ಬರದು ಇನ್ನೊಬ್ಬರ ಖಾತೆಗೆ ಹೋಗಿ, ಅವರು ಅದರಲ್ಲಿ ಎತ್ತು ಕೊಂಡುಬಿಟ್ಟಿದ್ದರು. ರಾಜ್ಯ ಸರ್ಕಾರದ ರೈತ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದ ರೈತ ಸಂಖ್ಯೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಹೇಗೆ?

ದ್ರಾಕ್ಷಿ ಶೆಡ್ · 6.02

ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಿಡಿದವರ ಗತಿ? ಅಲ್ಲಿ ಹೊಲ ಮಾಲೀಕನ ಹೆಸರಿಗಿರುತ್ತದೆ, ನಿಮ್ಮ ತೂಕದ ಚೀಟಿ ದುಡಿದವನ ಹೆಸರಿಗೆ ಇರಬೇಕು.

ಸೆಕ್ಟರ್‌ವಾಸಿ · 6.20

ಅದಕ್ಕೇ ನಿಮ್ಮದೇ ಸದಸ್ಯ ಸಂಖ್ಯೆ ಇರಲಿ, ಒಮ್ಮೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಎಂದೂ ಕೊಡಬೇಡಿ. ಫ್ರೂಟ್ಸ್ ಸಂಖ್ಯೆ ಪಕ್ಕದ ಕಾಲಂನಲ್ಲಿ ಇರಲಿ, ಇದ್ದವರಿಗೆ ಮಾತ್ರ. ಸಂಖ್ಯೆಯೊಳಗೆ ಊರು, ವರ್ಷ, ಜಾತಿ, ವಾರ್ಡು ಎಂದೆಲ್ಲ ತುರುಕಬೇಡಿ. ‘ಬಿಜೆಪಿಆರ್-ಐಎನ್‌ಡಿ-07’ ಎಂದು ಜಿಲ್ಲೆಯ ಹೆಸರು ತುರುಕಿದವರು 2014ರಲ್ಲಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದನ್ನು ನೋಡಿದ್ದೇನೆ.

ಅಕ್ಷರಮೋಹಿ · ರಾತ್ರಿ 8.10

ಹಳೆಯ ಕಡತಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆಯೇ? ಹಾಗಿದ್ದರೆ ಮಿಕ್ಕ ಮಾತು ಆಮೇಲೆ. ಆ ಕಾಲದ ನುಡಿ ಕಡತದಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ, ಅಷ್ಟೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಂಗಿ ಕಳಚಿದಂತೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಜೋಡಿಸಿದರೆ ಕ್ರಮ ಬರುವುದಿಲ್ಲ. ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್‌ಗೆ ತನ್ನಿ, ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದ ಪರೀಕ್ಷಿಸಿ. ಯೂನಿಕೋಡ್‌ನಲ್ಲೂ ಒಂದು ಗುಂಡಿಯಿದೆ: ‘ಕೋ’ ಅಕ್ಷರದ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಎಷ್ಟೋ ನೀತಿಪತ್ರಗಳು ಭಾಷೆಯ ಕಾಲಂ ಬಿಟ್ಟೇ ಮುಗಿದಿರುತ್ತವೆ. ನಿಮ್ಮದರಲ್ಲಿ ‘ಲಿಪಿ: ಕನ್ನಡ, ಯೂನಿಕೋಡ್’ ಎಂದು ಒಂದು ಸಾಲು ಹಾಕಿ. ಗಡಿಭಾಗದವರಿಗೆ ಮರಾಠಿಯಲ್ಲಿ ಬರೆದ ಹೆಸರೂ ಬರುತ್ತದೆ.

ಗುಮ್ಮಟದ ನೆರಳು · 8.35

ಮೆಟಾಡೇಟಾ ಬರೆಯಲು ಡಬ್ಲಿನ್ ಕೋರ್ ಎಂಬ ಸಿದ್ಧ ಮಾದರಿಯೊಂದಿದೆ ಎಂದು ಕೇಳಿದ್ದೇನೆ. ಐರ್ಲೆಂಡಿನವರು ಮಾಡಿದ್ದಂತೆ, ಅದನ್ನೇ ಹಾಕಿಕೊಂಡರೆ?

ಅಕ್ಷರಮೋಹಿ · 8.41

ಐರ್ಲೆಂಡಿನ ಡಬ್ಲಿನ್ ಅಲ್ಲ, ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್. 1995ರಲ್ಲಿ ಅಲ್ಲಿ ಕಾರ್ಯಾಗಾರ ನಡೆಯಿತು. ಹದಿನೈದು ಅಂಶಗಳ ಪಟ್ಟಿ: ಶೀರ್ಷಿಕೆ, ರಚಿಸಿದವರು, ದಿನಾಂಕ, ಭಾಷೆ, ಹಕ್ಕುಗಳು ಇತ್ಯಾದಿ. ಗ್ರಂಥಾಲಯಕ್ಕೆ, ಫೋಟೊ ಸಂಗ್ರಹಕ್ಕೆ ಚೆನ್ನ. ನಿಂಬೆಹಣ್ಣಿನ ತೂಕಕ್ಕೆ ಅದೊಂದೇ ಸಾಲದು.

ಮಲಪ್ರಭೆ · 8.52

ಒಹಾಯೊಗೆ ಏಕೆ ಹೋಗಬೇಕು, ಐಹೊಳೆಗೆ ಬನ್ನಿ. ಮೇಗುತಿ ಗುಡಿಯ ಗೋಡೆಯ ಶಾಸನ ನೋಡಿ. ಬರೆದವನು ರವಿಕೀರ್ತಿ ಎಂದಿದೆ. ಯಾರ ಆಳ್ವಿಕೆ ಎಂದರೆ ಇಮ್ಮಡಿ ಪುಲಕೇಶಿ. ಕಾಲವನ್ನು ಎರಡು ಎಣಿಕೆಯಲ್ಲಿ ಕೊಟ್ಟಿದ್ದಾನೆ, ಭಾರತ ಯುದ್ಧದಿಂದ 3735 ವರ್ಷ, ಶಕ 556. ಅಂದರೆ ಕ್ರಿ.ಶ. 634ರ ಸುಮಾರು. ಯಾವ ಎಣಿಕೆಯ ಅಂಕಿ ಎಂದು ಜೊತೆಗೇ ಹೇಳಿದ್ದರಿಂದ ಇಂದಿಗೂ ಓದಬಹುದು. ನಮ್ಮ ಎಕ್ಸೆಲ್‌ನ 03-04-24 ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಎಂದು ಹೋದ ವರ್ಷದ್ದೇ ನಮಗೆ ತಿಳಿಯುತ್ತಿಲ್ಲ.

ಹಳೆಯ ಗುಮಾಸ್ತ · 8.58

ರವಿಕೀರ್ತಿಗೆ ಕಲ್ಲು ಕೆತ್ತಿಸಬೇಕಿತ್ತು, ಯೋಚಿಸಿ ಬರೆದ. ನಮಗೆ ಅಳಿಸುವ ಗುಂಡಿ ಸಿಕ್ಕಿತು.

ಇಳಕಲ್ ಸೆರಗು · 9.20

ಒಂದು ಪ್ರಶ್ನೆ. ನಾಲ್ಕು ವಾಟ್ಸ್‌ಆ್ಯಪ್ ಗುಂಪು ಎಂದಿರಲ್ಲ, ಅವುಗಳಲ್ಲಿ ರೈತರ ಆಧಾರ್ ಫೋಟೊಗಳು ಓಡಾಡುತ್ತಿವೆಯೇ?

ಭೀಮಾತೀರದವ · 9.24

…ಓಡಾಡುತ್ತಿವೆ. ಪಾಸ್‌ಬುಕ್ ಸಮೇತ.

ಕುಂದಾಪ್ರಿಯ · 9.30

ನಮ್ಮ ರೈತರಿಗೆ ಅದರಲ್ಲೇನು ಗುಟ್ಟು? ಇಡೀ ಊರಿಗೆ ಎಲ್ಲರ ವಿಷಯ ಗೊತ್ತಿರುತ್ತದೆ.

ಇಳಕಲ್ ಸೆರಗು · 9.37

ಊರಿಗೆ ಗೊತ್ತಿದ್ದರೆ ಊರು ಖಾತೆಯಿಂದ ಹಣ ತೆಗೆಯುವುದಿಲ್ಲ. ಗುಂಪಿನಲ್ಲಿರುವ ಇನ್ನೂರು ಮೊಬೈಲ್‌ಗಳು ಯಾರ ಯಾರ ಕೈಯಲ್ಲಿವೆ ಎಂದು ನಿಮಗೆ ಗೊತ್ತೇ?

ಸೆಕ್ಟರ್‌ವಾಸಿ · 9.50

ಕಾನೂನೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಯಾವ ಉದ್ದೇಶಕ್ಕೆ ಬೇಕು ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಓದುವ ಅವಕಾಶ ರೈತನಿಗೆ ಇರಬೇಕು, ಅಂದರೆ ಕನ್ನಡದಲ್ಲೂ. ಭದ್ರತೆಯಲ್ಲಿ ಎಡವಿದರೆ ದಂಡದ ಮಿತಿ 250 ಕೋಟಿ ರೂಪಾಯಿ. ನಿಮ್ಮಂಥವರಿಗೆ ಅಷ್ಟು ಹಾಕುತ್ತಾರೆಂದು ಹೆದರಿಸುತ್ತಿಲ್ಲ, ಆದರೆ ಗುಂಪಿನಲ್ಲಿ ಆಧಾರ್ ತರಿಸಿಕೊಳ್ಳುವುದನ್ನು ನಾಳೆಯೇ ನಿಲ್ಲಿಸಿ. ಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕು ಆಧಾರ್ ಸಾಕು. ‘ಮೊದಲ ಹಾಳೆ’ಯಲ್ಲಿ ಇನ್ನೊಂದು ಕಾಲಂ ಸೇರಿಸಿ: ಇದನ್ನು ಯಾರು ನೋಡಬಹುದು, ಯಾವಾಗ ಅಳಿಸಬೇಕು.

ಇಷ್ಟು ಹೇಳಿ ಒಂದು ಕಹಿ ಮಾತು. ಇದನ್ನೆಲ್ಲ ಬರೆಯುವುದು ಸುಲಭ. ಉಗ್ರಾಣದವನು ದಾಸ್ತಾನಿನ ಲೆಕ್ಕವನ್ನು ತನ್ನ ಮೊಬೈಲಿನಲ್ಲಿಟ್ಟುಕೊಂಡಿರುತ್ತಾನೆ, ಏಕೆಂದರೆ ಅದು ಅವನ ಬಲ. ಅದನ್ನು ಎಲ್ಲರ ಕಡತಕ್ಕೆ ತನ್ನಿ ಎಂದರೆ ಎತ್ತು ಏರಿಗೆ, ಕೋಣ ನೀರಿಗೆ. ಅಲ್ಲಿ ವ್ಯವಸ್ಥಾಪಕರ ಮಾತು ನಡೆಯುವುದಿಲ್ಲ, ಅಧ್ಯಕ್ಷರೇ ಕುಳಿತು ಹೇಳಬೇಕು.

ಭೀಮಾತೀರದವ · ಮೂರು ವಾರಗಳ ನಂತರ, ಶನಿವಾರ, ಸಂಜೆ 6.40

ಎಲ್ಲರಿಗೂ ವರದಿ ಒಪ್ಪಿಸಬೇಕು. ನಿನ್ನೆ ಮಂಡಳಿಯ ಮುಂದೆ ಮೂರು ಪುಟ ಇಟ್ಟೆ. ಹನ್ನೊಂದು ಪದಗಳು, ಒಂದೊಂದಕ್ಕೂ ಅರ್ಥ, ಅಳತೆ, ಮೂಲ ಕಡತ, ಉತ್ತರದಾಯಿ, ನೋಡುವ ಹಕ್ಕು. ಒಂದು ತಾಸಿನ ಸಭೆ ಎಂದುಕೊಂಡಿದ್ದೆ, ‘ಸದಸ್ಯ’ ಒಂದಕ್ಕೇ ಒಂದೂವರೆ ತಾಸು ಹೋಯಿತು. ಪಟ್ಟಿ ಓದುತ್ತಿದ್ದಾಗ ನಿರ್ದೇಶಕರೊಬ್ಬರು ತಡೆದು, “ಈ ಹೆಸರಿನವರ ತಿಥಿಗೆ ನಾನೇ ಹೋಗಿದ್ದೆ” ಎಂದರು. ಎಣಿಸಿದರೆ ತೀರಿಕೊಂಡ ಹದಿಮೂರು ಜನ ಮೂರೂ ಪಟ್ಟಿಗಳಲ್ಲಿ ಇದ್ದರು. 917 ಕೂಡ ಪೂರ್ತಿ ನಿಜವಲ್ಲ. ಈಗ ‘ಸದಸ್ಯ’ದ ಪಕ್ಕದಲ್ಲಿ ‘ಸ್ಥಿತಿ’ ಎಂಬ ಕಾಲಂ ಬಂದಿದೆ, ವಾರಸುದಾರರ ಹೆಸರಿಗೆ ಷೇರು ಬದಲಾಯಿಸುವ ಕೆಲಸ ಉಪಾಧ್ಯಕ್ಷರ ತಲೆಗೆ.

ಉಗ್ರಾಣದವನ ವಿಷಯದಲ್ಲಿ ಸೆಕ್ಟರ್‌ವಾಸಿಯವರು ಹೇಳಿದಂತೆಯೇ ಆಯಿತು. ಎರಡು ದಿನ ಮಾತು ಬಿಟ್ಟಿದ್ದ. ಅಧ್ಯಕ್ಷರು ಅವನನ್ನೇ ದಾಸ್ತಾನಿನ ‘ಉತ್ತರದಾಯಿ’ ಎಂದು ಬರೆದು ಹಾಳೆಯನ್ನು ಅವನ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದರು. ಈಗ ಬಂದವರಿಗೆಲ್ಲ ತೋರಿಸುತ್ತಿದ್ದಾನೆ. ಪುಣೆಯವರಿಗೆ ಸದ್ಯಕ್ಕೆ ಬೇಡವೆಂದು ಪತ್ರ ಬರೆದೆವು. ಗುಂಟೆಯ ಲೆಕ್ಕ ಸರಿಪಡಿಸಿ ಹನಿ ನೀರಾವರಿಯ ಅರ್ಜಿಗೆ ತಿದ್ದುಪಡಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ.

ಒಂದು ಪದ ಮಾತ್ರ ಬಗೆಹರಿದಿಲ್ಲ, ‘ಡಾಗ’. ನಮ್ಮಲ್ಲಿ ನಿಂಬೆಯ ಡಾಗ ಎಂದರೆ ಸಾವಿರ ಕಾಯಿ. ಹೊರಗಿನ ಖರೀದಿದಾರರು ಕಿಲೋದಲ್ಲಿ ಕೇಳುತ್ತಾರೆ. ಸಾವಿರ ಕಾಯಿಗೆ ಎಷ್ಟು ಕಿಲೋ ಎಂದು ಬರೆಯುವುದು?

ಪಹಣಿ ಪಂಡಿತ · 6.55

ಸರಾಸರಿ ತೆಗೆದು ಒಂದು ಅಂಕಿ ಹಾಕಿ.

ದ್ರಾಕ್ಷಿ ಶೆಡ್ · 7.01

ಬೇಡವೇ ಬೇಡ. ಬೇಸಿಗೆಯ ಕಾಯಿ ಬೇರೆ, ಮಳೆಗಾಲದ ಕಾಯಿ ಬೇರೆ. ಎಣಿಕೆಯನ್ನೂ ತೂಕವನ್ನೂ ಎರಡು ಕಾಲಂನಲ್ಲಿ ಬರೆಯಿರಿ, ಪ್ರತಿ ಸಲ ತೂಗಿಯೇ ಬರೆಯಿರಿ. ಪಹಣಿ ಪಂಡಿತರು ತಮ್ಮ ಗುಂಟೆಯ ಪಾಠವನ್ನು ತಾವೇ ಮರೆತರು.

ಪಹಣಿ ಪಂಡಿತ · 7.03

ಒಪ್ಪಿದೆ, ಸೋತೆ.

ಇಳಕಲ್ ಸೆರಗು · 7.15

ಅಣ್ಣಾವರೇ, ಆ ಮೂರು ಪುಟಗಳನ್ನು ಇಲ್ಲಿ ಹಾಕುತ್ತೀರಾ? ರೈತರ ಹೆಸರು ತೆಗೆದು. ನಮ್ಮ ಸಂಘಕ್ಕೆ ಮಾದರಿಯಾಗುತ್ತದೆ.

ಭೀಮಾತೀರದವ · 7.22

ಹಾಕುತ್ತೇನೆ ಅಕ್ಕಾವರೇ. ಅದರಲ್ಲಿ ಹೆಸರೇ ಇಲ್ಲ, ಪದಗಳಷ್ಟೇ.

ಹಳೆಯ ಗುಮಾಸ್ತ · 7.40

ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ತಾರೀಖು, ಬರೆದವರ ಸಹಿ ಇದೆಯಲ್ಲವೇ?

ಭೀಮಾತೀರದವ · 7.58

ಇರಲಿಲ್ಲ. ಕಚೇರಿಯ ಬೀಗ ತೆಗೆಸಿ ಈಗ ಹಾಕಿ ಬಂದೆ.